ಅತ್ತೆಯ ನೇಮ, ದಮ್ಮಿನ ಗುಳಿಗೆ

ನಮ್ಮ ಅತ್ತೆಯ ಮುಖ ದುಂಡಗಾದ ವರ್ಷ ಊರಿನಲ್ಲಿ ನನಗೆ ಒಳ್ಳೆಯ ಸೊಸೆ ಎಂಬ ಹೆಸರು ಬಂತು. ಅದಕ್ಕೆ ಮೊದಲು ಅಂಥ ಹೆಸರೇನೂ ಇರಲಿಲ್ಲ. ಅಥಣಿ ಕಡೆಯಿಂದ ಬಂದವಳು, ಎಸ್ಸೆಸ್ಸೆಲ್ಸಿ ಪಾಸಾದವಳು, ಮಾತಿಗೆ ಮಾತು ಕೊಡುವವಳು ಎಂದು ಹೆಂಗಸರು ನನ್ನನ್ನು ದೂರದಿಂದಲೇ ನೋಡುತ್ತಿದ್ದರು. ಅತ್ತೆಯ ಕೆನ್ನೆ ತುಂಬಿ, ಗಲ್ಲದ ಕೆಳಗೊಂದು ಮಡಿಕೆ ಬಂದು, ಬಳೆಗಳು ಬಿಗಿಯಾದದ್ದೇ ತಡ, ಬಸದಿಯ ಕಟ್ಟೆಯ ಮೇಲೆ ಮಾತು ಬದಲಾಯಿತು.

"ಸೊಸಿ ಬಂದ ಮ್ಯಾಲ ಮುದುಕಿ ಮೈ ಹಿಡದಾಳ ನೋಡ್ರಿ."

ನಾನು ಹಿಗ್ಗಿ ಹೀರೇಕಾಯಿಯಾದೆ. ಹಿಗ್ಗಿದ್ದೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆದರೆ ಇಪ್ಪತ್ಮೂರು ವರ್ಷದ ಸೊಸೆಗೆ ಊರು ಮೊದಲ ಸಲ ಹೊಗಳಿದರೆ ಅವಳು ಹಿಗ್ಗದೆ ಇನ್ನೇನು ಮಾಡುತ್ತಾಳೆ?

ನಮ್ಮ ಮನೆ ಇದ್ದದ್ದು ಸದಲಗಾಕ್ಕೂ ಚಿಕ್ಕೋಡಿಗೂ ನಡುವಿನ ಒಂದು ಊರಿನಲ್ಲಿ. ಮನೆಯಲ್ಲಿ ಮೂರೇ ಜನ: ಅತ್ತೆ, ಅವರ ಒಬ್ಬನೇ ಮಗನಾದ ನನ್ನ ಗಂಡ, ಮತ್ತು ನಾನು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹೊಲದಲ್ಲಿ ಒಂದಿಷ್ಟು ಕಬ್ಬು, ಉಳಿದದ್ದೆಲ್ಲ ಬೀಡಿ ತಂಬಾಕು. ಒಣಗಿದ ತಂಬಾಕನ್ನು ಬಡಿದು ಜರಡಿ ಹಿಡಿಯುವ ದಿನಗಳಲ್ಲಿ ಅಂಗಳದಲ್ಲಿ ನಿಂತವರ ಕಣ್ಣು, ಮೂಗು, ಗಂಟಲು ಒಟ್ಟಿಗೇ ಉರಿಯುತ್ತಿದ್ದವು. ಅತ್ತೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಮೂವತ್ತು ವರ್ಷ ಆ ಕೆಲಸ ಮಾಡಿದ್ದರು. ಎದೆಯೊಳಗೆ ದಮ್ಮು ಮನೆ ಮಾಡಿಕೊಂಡಿತ್ತು. ಚಳಿಗಾಲ ಬಂದರೆ ಕಂಬಕ್ಕೆ ಒರಗಿ ಕುಳಿತೇ ಇರುವರು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

ಒಂದು ಸಲ ಉಸಿರು ತೀರ ಕಟ್ಟಿದಾಗ ನಿಪ್ಪಾಣಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಎಳೆದುಕೊಳ್ಳುವ ಪುಡಿಯ ಒಂದು ಸಾಧನವನ್ನೂ ಸಣ್ಣ ಬಿಳಿ ಗುಳಿಗೆಗಳನ್ನೂ ಬರೆದುಕೊಟ್ಟರು. ಗುಳಿಗೆಯ ಲೆಕ್ಕ ಹೀಗಿತ್ತು: ಮುಂಜಾನೆ ಊಟವಾದ ಮೇಲೆ ಮೊದಲು ಹೆಚ್ಚು, ಕೆಲವು ದಿನ ಬಿಟ್ಟು ಕಡಿಮೆ, ಆಮೇಲೆ ಒಂದು, ಮುಗಿದ ಮೇಲೆ ಮತ್ತೆ ಬಂದು ತೋರಿಸಬೇಕು. ಪುಡಿಯನ್ನು ಅತ್ತೆ ಎರಡು ದಿನ ಎಳೆದು, ಕೆಮ್ಮು ಬಂತೆಂದು ಗೋಡೆಯ ಮಾಡದಲ್ಲಿ ಇಟ್ಟರು. ಗುಳಿಗೆ ಮಾತ್ರ ಮೂರನೆಯ ದಿನವೇ ಅವರನ್ನು ಎಬ್ಬಿಸಿ ಕೂರಿಸಿತು. ಐದನೆಯ ದಿನ ಎಮ್ಮೆ ಹಿಂಡಿದರು. ನಾನು ಆ ಗುಳಿಗೆಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮುಗಿದ ಮೇಲೆ ಡಾಕ್ಟರ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಆರಾಮಾದವರನ್ನು ದವಾಖಾನೆಗೆ ಯಾರು ಕರೆದೊಯ್ಯುತ್ತಾರೆ? ಹದಿನೈದು ದಿನದಲ್ಲಿ ದಮ್ಮು ತಿರುಗಿ ಬಂತು. ನನ್ನ ಗಂಡ ಗುಳಿಗೆಯ ಖಾಲಿ ಪಟ್ಟಿಯನ್ನು ಔಷಧದ ಅಂಗಡಿಯಲ್ಲಿ ತೋರಿಸಿದರು. ಅಂಗಡಿಯವನು ಚೀಟಿ ಕೇಳಲಿಲ್ಲ, ಅಂಥದ್ದೇ ಇನ್ನೊಂದು ಪಟ್ಟಿ ಕೊಟ್ಟ. ಅಲ್ಲಿಂದ ಮುಂದೆ ದಿನಕ್ಕೆ ಎರಡು ಗುಳಿಗೆ ಅತ್ತೆಯ ಊಟದ ಭಾಗವೇ ಆಗಿಹೋಯಿತು. ಕೊಡುವವಳು ನಾನು. ಊಟವಾದ ಕೂಡಲೇ ಅವರು ಅಂಗೈ ಚಾಚುವರು, ನಾನು ಎಣಿಸಿ ಹಾಕುವೆನು. ಹೀಗೆ ಹತ್ತಿರ ಹತ್ತಿರ ಎರಡು ವರ್ಷ ನಡೆಯಿತು.

ಆ ಹೊತ್ತಿಗೇ ಮುಖ ದುಂಡಗಾದದ್ದು, ನನಗೆ ಹೆಸರು ಬಂದದ್ದು. ಎದುರು ಮನೆಯಾಕೆಯಂತೂ ಒಂದು ದಿನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಂದು, ತನ್ನ ಮಗಳನ್ನು ನೋಡಲು ರಾಯಬಾಗದಿಂದ ಗಂಡಿನವರು ಬರುವವರಿದ್ದಾರೆ, ಹುಡುಗಿ ಬಡಕಲಾಗಿದ್ದಾಳೆ, "ನಿಮ್ಮ ಅತ್ತಿ ತಿಂತಾರಲ್ಲ, ಆ ಮೈ ತುಂಬೂ ಗುಳಿಗಿ ಒಂದ ಹತ್ತ ಕೊಡ ಬೇ" ಎಂದಳು. ಅತ್ತೆ ಕೊಡು ಎಂದರು. ನಾನು ಕೊಡಲಿಲ್ಲ. ಬುದ್ಧಿವಂತಿಕೆಯಿಂದ ಕೊಡಲಿಲ್ಲ ಎಂದುಕೊಳ್ಳಬೇಡಿ. ನನ್ನ ಅತ್ತೆಗೆ ಕಡಿಮೆ ಬಿದ್ದೀತೆಂಬ ಜಿಪುಣತನ ಅಷ್ಟೆ. ಹುಡುಗಿ ಬಡಕಲಾಗಿಯೇ ಗಂಡಿನವರಿಗೆ ಒಪ್ಪಿಗೆಯಾದಳು.

ಎರಡನೆಯ ವರ್ಷದ ಶ್ರಾವಣದಲ್ಲಿ ಅತ್ತೆಯ ಕಾಲಿಗೆ ಕಳೆ ತೆಗೆಯುವ ಕುರ್ಪಿ ತಾಗಿ ಸಣ್ಣ ಗಾಯವಾಯಿತು. ಆ ಗಾಯ ಮೂರು ವಾರವಾದರೂ ಮಾಯಲಿಲ್ಲ. ಆಗ ಮತ್ತೆ ನಿಪ್ಪಾಣಿಗೆ ಹೋದೆವು. ಡಾಕ್ಟರು ಕಾಲು ನೋಡುವ ಮೊದಲು ಮುಖವನ್ನೇ ನೋಡುತ್ತ ಕುಳಿತರು. ಮನೆಯಲ್ಲಿ ಮರಾಠಿ ಆಡುವ ಮನುಷ್ಯ, ಕನ್ನಡವನ್ನು ನಿಧಾನಕ್ಕೆ ಆಡುತ್ತಿದ್ದರು.

"ಆ ಗುಳಿಗಿ ಇನ್ನೂ ತಗೋತೀರೇನು?"

"ಹೌದ್ರಿ ಸಾಹೇಬ್ರ, ದಿನಾ ಎರಡು," ಎಂದೆ ನಾನು, ಶಾಲೆಯಲ್ಲಿ ಉತ್ತರ ಹೇಳಿದವಳ ಹಾಗೆ. "ಒಂದ ದಿನಾನೂ ತಪ್ಪಿಲ್ರಿ."

ಅವರು ಪೆನ್ನು ಕೆಳಗಿಟ್ಟರು. ಆ ದಿನ ನಾವು ತಿಂದ ಬೈಗುಳ ಇವತ್ತಿಗೂ ನೆನಪಿದೆ. ಮುಖ ತುಂಬಿದ್ದು ಆರೋಗ್ಯವಲ್ಲ, ಗುಳಿಗೆಯ ಬಾವು. ಗಾಯ ಮಾಯದಿರುವುದೂ, ಮುಟ್ಟಿದಲ್ಲಿ ಚರ್ಮ ನೀಲಿಗಟ್ಟುವುದೂ ಅದರಿಂದಲೇ. ಇದು ಹೀಗೇ ನಡೆದರೆ ಎಲುಬು ಟೊಳ್ಳಾಗುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ ಎಂದರು. ನನ್ನ ಒಳ್ಳೆಯ ಸೊಸೆತನ ಅಲ್ಲೇ ಆ ಬೆಂಚಿನ ಮೇಲೆ ಇಳಿದುಹೋಯಿತು.

"ಹಂಗಾರ ಇವತ್ತಿಂದ ಬಂದ ಮಾಡ್ತೇವ್ರಿ," ಎಂದರು ನನ್ನ ಗಂಡ.

"ಅದನ್ನ ಮಾತ್ರ ಮಾಡಬ್ಯಾಡ್ರಿ," ಡಾಕ್ಟರು ದನಿ ಎತ್ತಿದರು. "ಒಮ್ಮಿಲೆ ಬಿಟ್ರ ಜೀವಕ್ಕ ಬರ್ತೈತಿ. ಗಾಯ ಮಾಯಲಿ. ತಿಂಗಳ ಬಿಟ್ಟ ಕರಕೊಂಡ ಬರ್ರಿ, ಸಾವಕಾಶ ಕಡಿಮಿ ಮಾಡೂಣು. ಅಲ್ಲೀತನಕ ಒಂದ ದಿನಾನೂ ತಪ್ಪಸಬ್ಯಾಡ್ರಿ."

ಜೀವಕ್ಕೆ ಬರುತ್ತದೆ ಎಂದರೆ ದಮ್ಮು ಜೋರಾಗುತ್ತದೆ ಎಂದು ನಾನು ತಿಳಿದುಕೊಂಡೆ. ನಮ್ಮ ಮನೆಯಲ್ಲಿ ಜೀವಕ್ಕೆ ಬಂದದ್ದೆಲ್ಲ ದಮ್ಮಿನಿಂದಲೇ ಬಂದಿತ್ತು. ಹೆಚ್ಚು ಕೇಳುವ ಬುದ್ಧಿ ನನಗಿರಲಿಲ್ಲ.

ಆ ವರ್ಷ ನಮ್ಮೂರ ಬಸದಿಯಲ್ಲಿ ಮುನಿ ಮಹಾರಾಜರೊಬ್ಬರು ಮಳೆಗಾಲದ ನಾಲ್ಕು ತಿಂಗಳು ನೆಲೆ ನಿಂತಿದ್ದರು. ಭಾದ್ರಪದದ ದಶಲಕ್ಷಣ ಪರ್ವ ಬಂತು. ಹತ್ತು ದಿನ ಜೈನರ ಮನೆಗಳಲ್ಲಿ ಒಲೆ ಕಡಿಮೆ ಉರಿಯುವ ಕಾಲ ಅದು. ಕೆಲವರು ಪೂರ್ತಿ ಉಪವಾಸ ಹಿಡಿಯುತ್ತಾರೆ, ಕೆಲವರು ಏಕಾಶನ, ಅಂದರೆ ದಿನಕ್ಕೆ ಒಂದೇ ಸಲ ಒಂದೇ ಕಡೆ ಕುಳಿತು ಊಟ ಮಾಡಿ ಅಲ್ಲೇ ನೀರು ಕುಡಿದು ಎದ್ದರೆ ಮರುದಿನದವರೆಗೆ ಏನೂ ಇಲ್ಲ. ಅತ್ತೆ ದಮ್ಮಿನ ದೆಸೆಯಿಂದ ಆರು ವರ್ಷ ಏನನ್ನೂ ಹಿಡಿದಿರಲಿಲ್ಲ. ಈ ಸಲ ಮೈ ತುಂಬಿಕೊಂಡಿದ್ದಾರೆ, ಮಹಾರಾಜರೂ ಊರಲ್ಲೇ ಇದ್ದಾರೆ. ತೆಂಗಿನಕಾಯಿ ಹಿಡಿದು ಹೋಗಿ ಹತ್ತು ದಿನದ ಏಕಾಶನದ ನೇಮ ತೆಗೆದುಕೊಂಡು ಬಂದರು. ಗುಳಿಗೆಯ ಸುದ್ದಿಯನ್ನು ಮಹಾರಾಜರ ಮುಂದೆ ಎತ್ತಲೇ ಇಲ್ಲ.

ನನ್ನ ಗಂಡ ಚಿಂತೆ ಮಾಡಲಿಲ್ಲ. ಮಧ್ಯಾಹ್ನದ ಊಟದ ಜೊತೆ ಗುಳಿಗೆ ಹೋದರಾಯಿತಲ್ಲ ಎಂದರು. ನಾನೂ ಹಾಗೆಯೇ ಅಂದುಕೊಂಡೆ. ಮೊದಲ ದಿನ ಊಟವಾದ ಮೇಲೆ ಎರಡು ಗುಳಿಗೆ ಅವರ ಅಂಗೈಗೆ ಹಾಕಿದೆ. ಅತ್ತೆ ಅದನ್ನು ತಿರುಗಿ ನನ್ನ ಅಂಗೈಗೆ ಸುರಿದು ಬೆರಳು ಮಡಚಿಸಿದರು.

"ಬಾವಿ ನೀರ ಸೋಸಿ, ಕಾಸಿ, ಮನ್ಯಾಗ ಬೀಸಿದ ಹಿಟ್ಟ ತಿನ್ನಾಕತ್ತೇನಿ. ಅಂಗಡಿ ಗುಳಿಗಿ ಯಾತರಿಂದ ಮಾಡ್ಯಾರೋ ಏನೋ. ನೇಮದಾಗ ಬ್ಯಾಡ."

"ಡಾಕ್ಟರ ಬಿಡಬ್ಯಾಡ ಅಂದಾರ್ರಿ ಅತ್ತಿ."

"ಹತ್ತ ದಿನಾ. ದಮ್ಮ ಹತ್ತಿದ್ರ ತಗೋತೇನಿ. ಅವಗ ಹೇಳಬ್ಯಾಡ. ಹೇಳಿದ್ರ ನನ್ನಾಣಿ ಐತಿ ನಿನಗ."

ಒಬ್ಬರ ನೇಮ ಮುರಿಸುವುದು ಎಂಥ ಪಾಪ ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವಳು ನಾನು. ಊರ ಹೆಂಗಸರೊಡನೆ ಜಗಳವಾಡಬಲ್ಲೆ, ಆಣೆಯ ಜೊತೆ ಆಡಲಾರೆ. ಗುಳಿಗೆಗಳನ್ನು ಡಬ್ಬಿಗೆ ಹಾಕಿದೆ. ಸಂಜೆ ನನ್ನ ಗಂಡ ತಂಬಾಕಿನ ಸಸಿ ಹಚ್ಚಿಸಿ ಹೊಲದಿಂದ ಬಂದು, "ಅವ್ವ ಗುಳಿಗಿ ತಗೊಂಡ್ಳೇನು?" ಎಂದು ಕೇಳಿದರು. ಹೂಂ ಎಂದೆ. ಆ ಹೂಂ ಇಷ್ಟು ಸುಲಭವಾಗಿ ಬಾಯಿಂದ ಬಂತಲ್ಲ ಎಂದು ನನಗೇ ಆಶ್ಚರ್ಯವಾಯಿತು. ಮರುದಿನವೂ ಹೂಂ, ಅದರ ಮರುದಿನವೂ ಹೂಂ.

ನಾನು ಕಾಯುತ್ತಿದ್ದದ್ದು ದಮ್ಮಿಗೆ. ಅತ್ತೆ ಮೆಟ್ಟಿಲು ಹತ್ತಿದರೆ ಕಿವಿಗೊಡುತ್ತಿದ್ದೆ, ಮಲಗಿದರೆ ಬಳಿ ಹೋಗಿ ಉಸಿರು ಕೇಳುತ್ತಿದ್ದೆ. ಎದೆಯಲ್ಲಿ ಸುಂಯ್ ಎಂಬ ಸದ್ದೂ ಇಲ್ಲ. ಮಹಾರಾಜರ ಆಶೀರ್ವಾದವೇ ಇರಬೇಕು, ಡಾಕ್ಟರು ಸುಮ್ಮನೆ ಹೆದರಿಸಿದರು ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಸಂತೋಷವೇ ಆಗಿತ್ತು. ನಾನೇ ಎಣಿಸಿ ಎಣಿಸಿ ತಿನ್ನಿಸಿದ ಗುಳಿಗೆ ಹೀಗೆ ತಾನಾಗಿ ಬಿಟ್ಟುಹೋದರೆ ನನ್ನ ತಪ್ಪೂ ಅದರ ಜೊತೆ ಹೋಗುತ್ತದಲ್ಲ.

ನಾಲ್ಕನೆಯ ದಿನ ಅತ್ತೆ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟರು. ಮೈ ಕೈ ಕಡಿಯುತ್ತದೆ ಎಂದರು. ಐದನೆಯ ದಿನ ಉಂಡದ್ದನ್ನು ಕಾರಿಕೊಂಡರು. ನೇಮದ ಪ್ರಕಾರ ಮತ್ತೆ ಊಟವಿಲ್ಲ, ನೀರಿಲ್ಲ. ಬಸದಿಯಲ್ಲಿ ಕುಳಿತವರು ಏಳುವಾಗ ಕಣ್ಣು ಕತ್ತಲೆ ಬಂದು ಕಂಬ ಹಿಡಿದರು. ಇದನ್ನು ನೋಡಿ ಯಾರೂ ಹೆದರಲಿಲ್ಲ. ಉಪವಾಸದವರು ಸೊರಗದೆ ಇನ್ನೇನಾಗುತ್ತಾರೆ? ಹೆಂಗಸರು ಬಂದು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಎಷ್ಟು ಗಟ್ಟಿ ಜೀವ, ಎಂಥ ಭಕ್ತಿ ಎಂದರು. ಎರಡು ವರ್ಷ ಬಾವನ್ನು ಆರೋಗ್ಯವೆಂದು ಹೊಗಳಿದ ಬಾಯಿಗಳೇ ಈಗ ಕಾಯಿಲೆಯನ್ನು ತಪಸ್ಸು ಎಂದು ಹೊಗಳುತ್ತಿದ್ದವು. ಹೊಗಳಿಸಿಕೊಂಡು ಬಾಯಿ ಮುಚ್ಚಿಕೊಂಡಿದ್ದವಳು ಎರಡು ಸಲವೂ ನಾನೇ.

ಆರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕುಸಿದರು. ಮೈ ತಣ್ಣಗೆ ಬೆವೆತಿತ್ತು. ಕರೆದರೆ ಕಣ್ಣು ತೆರೆಯುವರು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಉಸಿರು ಮಾತ್ರ ಸರಾಗ. ದಮ್ಮಿಲ್ಲದೆಯೂ ಮನುಷ್ಯ ಸಾಯಬಹುದು ಎಂದು ನನಗೆ ಆಗ ಹೊಳೆಯಿತು.

ಪಕ್ಕದ ಮನೆಯವರ ಜೀಪಿನಲ್ಲಿ ನಿಪ್ಪಾಣಿಗೆ ಹೊರಟೆವು. ಗಣಪತಿಯ ದಿನಗಳು. ಪೇಟೆಯಲ್ಲಿ ಚೌಕಕ್ಕೊಂದು ಮಂಟಪ, ಕಿವಿ ಹರಿಯುವ ಹಾಡು, ಜೀಪು ಇರುವೆಯಂತೆ ಹರಿಯುತ್ತಿತ್ತು. ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಗಂಡ ಮುಂದೆ ಕುಳಿತು ಹಿಂತಿರುಗಿ ಹಿಂತಿರುಗಿ ನೋಡುತ್ತಿದ್ದರು. ಹೇಳಲು ದಾರಿಯುದ್ದಕ್ಕೂ ಸಮಯವಿತ್ತು. ಹೇಳಲಿಲ್ಲ.

ಡಾಕ್ಟರು ಬಿಪಿ ನೋಡಿದರು, ಮತ್ತೆ ನೋಡಿದರು. ಸಲೈನ್ ಹಚ್ಚಲು ನರ್ಸಿಗೆ ಹೇಳುತ್ತಲೇ ಕೇಳಿದರು. "ಬಿಪಿ ಕೈಗೆ ಸಿಗವಲ್ದು. ಏನಾತು?"

"ಉಪಾಸ ಮಾಡಾಕತ್ತಾರ್ರಿ. ಅಶಕ್ತ ಆಗೇತಿ," ಎಂದರು ಜೊತೆಗೆ ಬಂದವರು.

"ಗುಳಿಗಿ?"

"ಗುಳಿಗಿ ಒಂದ ದಿನಾನೂ ತಪ್ಪಿಲ್ರಿ," ಎಂದರು ನನ್ನ ಗಂಡ. "ನನ್ನ ಹೆಂಡತಿ ತನ್ನ ಕೈಯಾರೆ ಕೊಡ್ತಾಳ್ರಿ."

ಎಷ್ಟು ಭರವಸೆಯಿಂದ ಹೇಳಿದರು! ಆ ಭರವಸೆಯೇ ನನ್ನನ್ನು ಕತ್ತರಿಸಿತು. ಡಾಕ್ಟರು ಸರಿ ಎಂದು ತಲೆಯಾಡಿಸಿ ಬೇರೇನೋ ಯೋಚಿಸತೊಡಗಿದರು. ಇನ್ನೊಂದು ಕ್ಷಣ ಸುಮ್ಮನಿದ್ದರೆ ಅವರು ಬೇರೆ ಕಾಯಿಲೆ ಹುಡುಕುತ್ತಾರೆ, ಅತ್ತೆ ನಮ್ಮ ಕೈತಪ್ಪಿ ಹೋಗುತ್ತಾರೆ ಎಂಬುದು ನನಗೆ ಸ್ಪಷ್ಟವಾಗಿ ಕಂಡಿತು.

"ಇಲ್ರಿ," ಎಂದೆ. "ಪರ್ವ ಹತ್ತಿದಾಗಿಂದ ಗುಳಿಗಿ ಮುಟ್ಟಿಲ್ರಿ. ಇವತ್ತಿಗೆ ಆರನೇ ದಿನಾ. ನನಗ ಗೊತ್ತಿತ್ರಿ."

ನನ್ನ ಗಂಡ ನನ್ನ ಕಡೆ ತಿರುಗಿದರು. ಡಾಕ್ಟರು ಅವರನ್ನೂ ನನ್ನನ್ನೂ ಬಿಟ್ಟು ನರ್ಸಿಗೆ ಒಂದು ಇಂಜೆಕ್ಷನ್ನಿನ ಹೆಸರು ಕೂಗಿದರು. ಅದು ನರಕ್ಕೆ ಹೋಯಿತು, ಸಲೈನ್ ಜೋರಾಗಿ ಇಳಿಯಿತು. ನಾನು ಗೋಡೆಗೆ ಒರಗಿ ನಿಂತಿದ್ದೆ. ಯಾರೂ ನನಗೆ ಕೂರು ಎನ್ನಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಕೈ ಬೆಚ್ಚಗಾಯಿತು. ಕಣ್ಣು ತೆರೆದು ಗುರುತು ಹಿಡಿದರು. ಮೊದಲು ಕೇಳಿದ್ದು ತೂಗುಬಿಟ್ಟ ಬಾಟಲಿಯಲ್ಲಿ ಏನಿದೆ ಎಂದು. ಉಪ್ಪುನೀರು ಎಂದಳು ನರ್ಸು.

"ನರದಾಗ ಹ್ವಾದ್ರೂ ನೀರ ನೀರಽ. ನನ್ನ ನೇಮ ಮುರೀತು," ಎಂದು ಗೋಡೆ ಕಡೆ ಮುಖ ತಿರುಗಿಸಿದರು.

ಸಾಯುವವರು ಸಾಯಲಿಲ್ಲವಲ್ಲ ಎಂಬ ಸಂತೋಷಕ್ಕೆ ನನಗೆ ನಗು ಬಂದುಬಿಟ್ಟಿತು. ಯಾರಿಗೂ ಕಾಣದಂತೆ ಹೊರಗೆ ಹೋಗಿ ನಕ್ಕೆ, ಅಲ್ಲೇ ಅತ್ತುಬಿಟ್ಟೆ.

ಸಂಜೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದರು. ಈ ಗುಳಿಗೆಯಲ್ಲಿರುವಂಥ ರಸವನ್ನು ಮೈಯೇ ದಿನಾ ತಯಾರು ಮಾಡಿಕೊಳ್ಳುತ್ತದೆ, ಮೂತ್ರಪಿಂಡದ ಮೇಲೆ ಕುಳಿತ ಸಣ್ಣ ಗ್ರಂಥಿಗಳ ಕೆಲಸ ಅದು. ಹೊರಗಿನಿಂದ ಬಹಳ ದಿನ ಬರತೊಡಗಿದರೆ ಅವು ಕೆಲಸ ನಿಲ್ಲಿಸುತ್ತವೆ. "ಹಿಂಡೂದ ಬಿಟ್ಟ ಎಮ್ಮಿ ಬತ್ತಿ ಹೋಗೂದಿಲ್ಲೇನು, ಹಂಗ. ಬತ್ತಿದ ಎಮ್ಮಿ ಮುಂದ ಚರಗಿ ಹಿಡಕೊಂಡ ಕುಂತ್ರ ಹಾಲ ಬರ್ತೈತೇನ್ರಿ?" ಅದಕ್ಕೇ ದಮ್ಮು ಬರುವ ಮೊದಲೇ ಶಕ್ತಿ ಹೋದದ್ದು, ವಾಂತಿ ಬಂದದ್ದು, ರಕ್ತದ ಒತ್ತಡ ಬಿದ್ದದ್ದು. ಇನ್ನು ಮುಂದೆ ಎಷ್ಟು ಕಡಿಮೆ ಮಾಡಬೇಕೆಂದು ತಾವೇ ಹೇಳುವುದಾಗಿ, ನಾವಾಗಿ ಹೆಚ್ಚು ಕಡಿಮೆ ಮಾಡಬಾರದೆಂದು, ಜ್ವರ ವಾಂತಿ ಬಂದರೆ ಆ ದಿನವೇ ಕರೆತರಬೇಕೆಂದು, ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಈ ಗುಳಿಗೆಯ ಮಾತು ಮೊದಲು ಹೇಳಬೇಕೆಂದು ಹೇಳಿದರು. ಪುಡಿ ಎಳೆಯುವುದನ್ನು ಅತ್ತೆಗೆ ಅವರೇ ಕುಳಿತು ಕಲಿಸಿದರು. ಗುಳಿಗೆ ಪೂರ್ತಿ ಬಿಡಲು ಮುಂದೆ ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಕಡೆಕಡೆಗೆ ಅದನ್ನು ಬ್ಲೇಡಿನಿಂದ ಅರ್ಧ ಮಾಡಿ ಕೊಡುತ್ತಿದ್ದೆ.

ಪರ್ವದ ಎಂಟನೆಯ ದಿನ ಮನೆಗೆ ಬಂದೆವು. ಹೇಳಿಬಿಟ್ಟೆನೆಂದು ಅತ್ತೆ ನನ್ನೊಡನೆ ಮಾತು ಬಿಟ್ಟರು. ಮೊದಲೇ ಹೇಳಲಿಲ್ಲವೆಂದು ಗಂಡ ಮಾತು ಬಿಟ್ಟರು. ಅತ್ತೆಗೆ ನೀರು ಬೇಕಾದರೆ "ಯಾರರೆ ನೀರ ಕೊಡ್ತೀರೇನು" ಎಂದು ತೊಲೆಯನ್ನು ಕೇಳುವರು. ಮನೆಯಲ್ಲಿ ಆ 'ಯಾರಾದರೂ' ನಾನೊಬ್ಬಳೇ. ಸಿಟ್ಟು ಬರುತ್ತಿತ್ತು. ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ. ಆದರೆ ಇಬ್ಬರಲ್ಲಿ ಯಾರ ಸಿಟ್ಟೂ ಸುಳ್ಳಲ್ಲ ಎಂದು ಒಳಗೆ ಗೊತ್ತಿತ್ತು.

ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ. ಆ ದಿನ ಎಲ್ಲರೂ ಎಲ್ಲರ ಹತ್ತಿರ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಅತ್ತೆ ಬೆಳಿಗ್ಗೆಯೇ ಮಹಾರಾಜರ ಹತ್ತಿರ ಹೋಗಿ ನೇಮ ಮುರಿದದ್ದಕ್ಕೆ ಪ್ರಾಯಶ್ಚಿತ್ತ ಬೇಡಿದರು. ನಾನು ಹಿಂದೆ ಕುಳಿತಿದ್ದೆ.

ಮಹಾರಾಜರು ಎಲ್ಲವನ್ನೂ ಕೇಳಿ, "ಔಷಧ ಬಿಡು ಅಂತ ನಾ ಹೇಳಿದ್ನೇನು?" ಎಂದರು.

"ಇಲ್ರಿ ಮಹಾರಾಜ್ರ."

"ಕೇಳಿದ್ರ ತಗೋ ಅಂತಿದ್ನಿ. ನಾಕು ದಾನದಾಗ ಔಷಧದಾನಾನೂ ಒಂದು. ಕೊಡಾಕ ಬಂದ ಕೈಯನ್ನ ನೀ ಹೊಳ್ಳಿ ಕಳಿಸಿದಿ." ಇಷ್ಟು ದಿನ ಇಷ್ಟು ಜಪ ಮಾಡು ಎಂದು ಹೇಳಿ ಕಳಿಸಿದರು.

ಮನೆಗೆ ಬಂದ ಮೇಲೆ ನಾನು ಅತ್ತೆಯ ಮುಂದೆ ಕೈ ಮುಗಿದು ನಿಂತೆ. ನನ್ನ ಗಂಡ ಬಾಗಿಲಲ್ಲಿದ್ದರು.

"ಕ್ಷಮಾ ಮಾಡ್ರಿ ಅತ್ತಿ."

ನಾಲ್ಕು ದಿನದ ಮೇಲೆ ಅವರು ನನ್ನ ಮುಖ ನೋಡಿ ಮಾತಾಡಿದರು. "ಯಾತಕ್ಕ ಕ್ಷಮಾ ಕೇಳಾಕತ್ತಿ? ಹೇಳಿದ್ದಕ್ಕೋ, ಹೇಳಲಾರದ್ದಕ್ಕೋ?"

"ಐದ ದಿನಾ ಹೇಳಲಾರದ್ದಕ್ರಿ."

ಅತ್ತೆ ಆ ಬಾತ ಕೈಗಳನ್ನು ಎತ್ತಿ ನನಗೆ ಮುಗಿದರು. ನಾನು ತಡೆಯಲು ಹೋದರೆ ಬಿಡಲಿಲ್ಲ.

"ನೇಮ ನಂದು, ಆಣಿ ಭಾರ ನಿನ್ನ ತಲಿ ಮ್ಯಾಲ ಇಟ್ಟಿದ್ನಿ. ತಪ್ಪ ನಂದವ್ವಾ. ಇನ್ನ ಮ್ಯಾಲ ನಾ ಹೇಳಬ್ಯಾಡ ಅಂದದ್ದನ್ನ ಮೊದಲ ಹೇಳು."

ಅದಾದ ಮೇಲೆ ಅತ್ತೆ ಹತ್ತು ವರ್ಷ ಬದುಕಿದ್ದರು. ಆ ಹತ್ತು ವರ್ಷದಲ್ಲಿ ಅವರು ನನಗೆ ಹೇಳಬೇಡ ಎಂದದ್ದು ಮೂರು ಸಲ. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದಾಗ, ಒಮ್ಮೆ ಜ್ವರ ಮುಚ್ಚಿಟ್ಟಾಗ. ಕೊನೆಯ ಸಲ ಊಟ ಸೇರದಾದಾಗ, ಮಗ ಅಳುತ್ತಾನೆ, ಹೇಳಬೇಡ ಎಂದರು. ಆಗ ಡಾಕ್ಟರ ಕೈಯಲ್ಲೂ ಏನೂ ಉಳಿದಿರಲಿಲ್ಲ. ಆದರೂ ಹೊಲಕ್ಕೆ ಹೋಗಿ ನನ್ನ ಗಂಡನಿಗೆ ಹೇಳಿದೆ. ಅವರು ಕೆಲಸ ಬಿಟ್ಟು ಬಂದು ಉಳಿದ ಎಂಟು ದಿನ ಅವ್ವನ ಹತ್ತಿರವೇ ಕುಳಿತಿದ್ದರು.